ನಂಬಿಕೆ ಬಗ್ಗೆ ಯಾರಾದರೂ ಕೇಳಿದರೆ ಬಾಯಿ ಕಟ್ಟುತ್ತದೆ, ಹೇಗೆ ತಯಾರಾಗಲಿ?

ಮಂಡಿಪೇಟೆ ಹುಡುಗಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಮಂಡಿಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಚಿಕ್ಕಂದಿನಿಂದ ಚರ್ಚಿಗೆ ಹೋಗುವವಳು. ಸಂಡೇ ಸ್ಕೂಲಿನಲ್ಲಿ ಬೈಬಲ್ ವಚನ ಬಾಯಿಪಾಠ ಹೇಳಿ ಬಹುಮಾನ ತಗೊಂಡವಳು. ಆದರೆ ಹೋದ ವಾರ ಸೋತುಹೋದೆ.

ಮಧ್ಯಾಹ್ನ ಊಟದ ಹೊತ್ತು. ಸೀರೆ ತೋರಿಸುವ ಅಕ್ಕ ಬುತ್ತಿ ಬಿಚ್ಚುತ್ತಾ ಕೇಳಿದರು: "ನಿಮ್ಮ ದೇವರಿಗೆ ಮೊಳೆ ಹೊಡೆದು ಕೊಂದರಂತಲ್ಲ. ಸತ್ತೋದವನು ನಿಮ್ಮನ್ನ ಹೆಂಗೆ ಕಾಯ್ತಾನೆ?" ಅದರಲ್ಲಿ ಕುಹಕ ಇರಲಿಲ್ಲ. ಅರ್ಧ ರೊಟ್ಟಿ ಮುರಿದು ನನ್ನ ಡಬ್ಬಿಗೆ ಹಾಕುತ್ತಲೇ ಕೇಳಿದ್ದು. ನಾನು "ಕರ್ತನು ತನ್ನ ಅಮೂಲ್ಯ ರಕ್ತದಿಂದ ನಮ್ಮನ್ನು ವಿಮೋಚಿಸಿದ್ದಾನೆ" ಅಂದೆ. ಅಕ್ಕ ಒಂದು ಗಳಿಗೆ ನನ್ನ ಮುಖ ನೋಡಿದರು. "ಹಂಗಾ" ಅಂದು ಚಟ್ನಿಪುಡಿ ಡಬ್ಬಿಯ ಮುಚ್ಚಳ ತಿರುಗಿಸಿದರು. ಮಾತು ಅಲ್ಲಿಗೇ ನಿಂತಿತು.

ಅವರಿಗೆ ಅರ್ಥವಾಗಲಿಲ್ಲ. ನನಗಾದರೂ ಎಷ್ಟು ಅರ್ಥವಾಗಿದೆ ಅಂತ ರಾತ್ರಿ ನಿದ್ದೆ ಬರಲಿಲ್ಲ. ಯಾರನ್ನೋ ಮತಾಂತರ ಮಾಡಬೇಕು ಅಂತಲ್ಲ. ಪ್ರೀತಿಯಿಂದ ಕೇಳಿದವರಿಗೆ ನೆಟ್ಟಗೆ ಉತ್ತರ ಹೇಳಬೇಕು, ಅಷ್ಟೇ. ಯಾವ ಪುಸ್ತಕ ಓದಲಿ?

ನಿವೃತ್ತ ಮೇಷ್ಟ್ರು, ಚಿತ್ರದುರ್ಗ

ಮಗಳೇ, ಪುಸ್ತಕ ಆಮೇಲೆ ನೋಡೋಣ. ನನಗೂ ಹೀಗೇ ಆಗಿದೆ, ಇನ್ನೂ ಕೆಟ್ಟದಾಗಿ. ನಾನು ಕನ್ನಡ ಪಾಠ ಮಾಡುತ್ತಿದ್ದ ಶಾಲೆಯಲ್ಲಿ ಜೊತೆಯ ಮೇಷ್ಟ್ರೊಬ್ಬರು, "ದೇವರು ಇದ್ದರೆ ಮಕ್ಕಳು ಯಾಕೆ ಸಾಯ್ತಾವೆ?" ಅಂತ ಕೇಳಿದರು. ನಾನು ಆದಾಮನಿಂದ ಹಿಡಿದು ಅರ್ಧ ಗಂಟೆ ಹೇಳಿದೆ. ಅವರು ತಲೆ ತಗ್ಗಿಸಿ ಸೀಮೆಸುಣ್ಣದ ಚೂರನ್ನು ಉಗುರಲ್ಲಿ ಕೆರೆಯುತ್ತಾ ಕೂತಿದ್ದರು. ಅವರ ತಂಗಿಯ ಮಗು ತೀರಿಕೊಂಡು ತಿಂಗಳೂ ಆಗಿರಲಿಲ್ಲ ಅನ್ನೋದು ಆಮೇಲೆ ತಿಳಿಯಿತು. "ಯಾಕೆ ಕೇಳ್ತಿದೀರಿ?" ಅಂತ ನಾನು ಒಂದು ಮಾತು ಕೇಳಲಿಲ್ಲ. ಇವತ್ತಿಗೂ ಆ ನೋವು ಹೋಗಿಲ್ಲ.

ಬೈಬಲ್ಲಿನಲ್ಲಿ ಯೇಸುವಿನ ಶಿಷ್ಯ ಪೇತ್ರ ಬರೆದ ಮೊದಲನೆಯ ಪತ್ರದ 3ನೇ ಅಧ್ಯಾಯದ 15ನೇ ವಚನ ನೀವು ಬಾಯಿಪಾಠ ಮಾಡಿರುತ್ತೀರಿ. ಉತ್ತರ ಹೇಳೋಕೆ ಯಾವಾಗಲೂ ಸಿದ್ಧವಾಗಿರಿ ಅನ್ನೋದಷ್ಟೇ ನಮಗೆ ನೆನಪಿರುತ್ತದೆ. ಆದರೆ ಉತ್ತರ ಕೊಡಬೇಕಾದ್ದು ಕೇಳಿದವರಿಗೆ. ಕೊಡಬೇಕಾದ್ದು ಸಾತ್ವಿಕವಾಗಿ. ಇದೂ ಅಲ್ಲೇ ಇದೆ. ಅವನು ಅದನ್ನು ಬರೆದದ್ದು ನಂಬಿಕೆಗಾಗಿ ಕಷ್ಟ ಪಡುತ್ತಿದ್ದ ಸಾಮಾನ್ಯ ಜನಕ್ಕೆ, ವೇದಿಕೆ ಹತ್ತುವವರಿಗಲ್ಲ.

ಈಗ ಭಾಷೆಯ ವಿಷಯ. ಸುವಾರ್ತೆ ಹೇಳೋಕೆ ಅಂತ ಕಿಟೆಲ್ 1853ರಲ್ಲಿ ಇಲ್ಲಿಗೆ ಬಂದರು. ಅವರ ನಿಘಂಟು ಅಚ್ಚಾಗಿದ್ದು 1894ರಲ್ಲಿ. ನಡುವಿನ 41 ವರ್ಷದಲ್ಲಿ ಹೆಚ್ಚು ಕಾಲ ಇಲ್ಲೇ ಇದ್ದು ಆ ಮನುಷ್ಯ ನಮ್ಮ ಜನ ಹೇಗೆ ಮಾತಾಡ್ತಾರೆ ಅಂತ ಕಿವಿ ಕೊಟ್ಟಿದ್ದರು. ನಿಘಂಟಿನಲ್ಲಿ ಗಾದೆಗಳೂ ಇವೆ ನೋಡಿ. ಜರ್ಮನಿಯಿಂದ ಬಂದವರು ಅಷ್ಟು ಕಲಿತರು. ನಾವು ಇಲ್ಲೇ ಹುಟ್ಟಿ, ಚರ್ಚಿನ ಬಾಗಿಲು ದಾಟಿದರೆ ಯಾರಿಗೂ ತಿಳಿಯದ ಕನ್ನಡ ಆಡ್ತೀವಿ. ನನಗೆ ಇದು ತುಂಬಾ ಬೇಜಾರಿನ ವಿಷಯ.

ನಿಮ್ಮ ಅಂಗಡಿಯಲ್ಲಿ ಉದ್ರಿ ಪುಸ್ತಕ ಇದೆ ಅಲ್ವಾ? ಯಾರೋ ಮಗಳ ಮದುವೆಗೆ ಜವಳಿ ತಗೊಂಡು 40 ಸಾವಿರ ಬಾಕಿ ಉಳಿಸಿದರು ಅಂದುಕೊಳ್ಳಿ. ಮಳೆ ಕೈಕೊಟ್ಟಿತು, ಮೆಕ್ಕೆಜೋಳ ಒಣಗಿತು, ತೀರಿಸೋಕೆ ಆಗಲಿಲ್ಲ. ಸಾಹುಕಾರರು ಆ ಹೆಸರಿನ ಮೇಲೆ ಗೀಟು ಎಳೆದರು. ಆ 40 ಸಾವಿರ ಎಲ್ಲಿ ಹೋಯಿತು? ಮಾಯವಾಗಲಿಲ್ಲ. ಸಾಹುಕಾರರ ಕೈಯಿಂದ ಹೋಯಿತು. ಬಿಟ್ಟುಕೊಟ್ಟವರೇ ನಷ್ಟ ಹೊರಬೇಕು. ದೇವರು ನಮ್ಮ ಪಾಪದ ಬಾಕಿಗೆ ಗೀಟು ಎಳೆದಾಗ ನಷ್ಟವನ್ನು ತಾನೇ ಹೊತ್ತ, ಶಿಲುಬೆ ಅಂದರೆ ಅದು ಅಂತ ನಾವು ನಂಬುತ್ತೇವೆ. ಬೈಬಲ್ಲಿನ ಮತ್ತಾಯನ ಸುವಾರ್ತೆ 18ನೇ ಅಧ್ಯಾಯದಲ್ಲಿ ಯೇಸು ಕ್ಷಮೆಯನ್ನು ಸಾಲದ ಕಥೆಯಲ್ಲೇ ಹೇಳಿದ್ದಾನೆ.

ಆದರೆ ಅಕ್ಕನ ಪ್ರಶ್ನೆ ಇಷ್ಟಕ್ಕೆ ತೀರಲಿಲ್ಲ. ಸತ್ತವನು ಹೇಗೆ ಕಾಯ್ತಾನೆ? ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದಾರೆ. ಕ್ರಿಸ್ತ ಎದ್ದು ಬರದೇ ಇದ್ದರೆ ನಮ್ಮ ನಂಬಿಕೆಯೇ ವ್ಯರ್ಥ ಅಂತ ಯೇಸುವಿನ ಮಾತು ಸಾರಿದ ಪೌಲನೇ ಕೊರಿಂಥ ಊರಿನ ಕ್ರೈಸ್ತರಿಗೆ ಬರೆದಿದ್ದಾನೆ. ಅದಕ್ಕೇ ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆಯ 16 ಅಧ್ಯಾಯವನ್ನೂ ಒಂದೇ ಸಂಜೆ ಕೂತು ಓದಿ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು. ಆಮೇಲೆ ನೀವು ಯಾಕೆ ನಂಬುತ್ತೀರಿ ಅಂತ ಅರ್ಧ ಪುಟ ಬರೆಯಿರಿ. ಕರ್ತ, ಕೃಪೆ, ವಿಮೋಚನೆ ಈ ಮೂರು ಪದ ಬರಬಾರದು. ನಾನು ಬರೆಯೋಕೆ ಕೂತಾಗ ಮೂರು ದಿನ ಹಿಡಿಯಿತು.

ಹರಿಹರದವ

ನಾನು ಕ್ರೈಸ್ತನಲ್ಲ, ಆದರೂ ಒಂದು ಮಾತು. ನಮ್ಮೂರಿನ ಆರೋಗ್ಯ ಮಾತೆ ಚರ್ಚಿನ ಸೆಪ್ಟೆಂಬರ್ 8ರ ಹಬ್ಬಕ್ಕೆ ನಾವೂ ಹೋಗ್ತೀವಿ. ಅಪ್ಪ ಆಸ್ಪತ್ರೆಯಲ್ಲಿ ಮಲಗಿದ್ದಾಗ ಒಬ್ಬರು ಬಂದು, ನಂಬಿದರೆ ವಾಸಿಯಾಗುತ್ತೆ ಅಂತ ಕೈಗೆ ಕಾಗದ ತುರುಕಿ ಹೋದರು. ತುಂಬಾ ಸಿಟ್ಟು ಬಂತು. ಅದೇ ವಾರ್ಡಿಗೆ ನನ್ನ ಕ್ರೈಸ್ತ ಗೆಳೆಯ ದಿನಾ ರಾತ್ರಿ ಗಂಜಿ ತರುತ್ತಿದ್ದ. ಅವನನ್ನು ನಾನೇ ಕೇಳಿದೆ: ನಿಮ್ಮಲ್ಲಿ ತಂದೆ, ಮಗ, ಪವಿತ್ರಾತ್ಮ ಅಂತೀರಲ್ಲ, ಮೂರು ದೇವರಾ? "ಒಬ್ಬನೇ. ಆದರೆ ನಿನಗೆ ತಿಳಿಯೋ ಹಾಗೆ ಹೇಳೋಕೆ ಈಗ ಬರಲ್ಲ, ಕೇಳಿಕೊಂಡು ಬರ್ತೀನಿ" ಅಂದ. ಎಂಟು ದಿನ ಬಿಟ್ಟು ಚೀಟಿಯಲ್ಲಿ ಬರೆದುಕೊಂಡು ಬಂದ. ಪೂರ್ತಿ ಒಪ್ಪಲಿಲ್ಲ ನಾನು. ಆದರೆ ಅವನ ಜೊತೆ ಈ ಮಾತು ಇವತ್ತಿಗೂ ನಡೀತಿದೆ.

ಮಂಡಿಪೇಟೆ ಹುಡುಗಿ, ದಾವಣಗೆರೆ

ಮೇಷ್ಟ್ರೇ, ಹರಿಹರದ ಅಣ್ಣಾ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅರ್ಧ ಪುಟ ಬರೆದು ಅಮ್ಮನಿಗೆ ಓದಿದೆ. ಎರಡು ಕಡೆ "ಇದೇನೇ, ತಿಳೀಲಿಲ್ಲ" ಅಂದರು. ತಿದ್ದಿದೆ.

ನಿನ್ನೆ ಊಟದ ಹೊತ್ತಿಗೆ ನಾನೇ ಅಕ್ಕನಿಗೆ, "ಅವತ್ತು ನಾನು ಸರಿಯಾಗಿ ಹೇಳಲಿಲ್ಲ, ನೀವು ಯಾಕೆ ಕೇಳಿದ್ರಿ?" ಅಂದೆ. ಅವರ ಗಂಡ ತೀರಿಕೊಂಡ ಮೇಲೆ ಸತ್ತವರು ಎಲ್ಲಿಗೆ ಹೋಗ್ತಾರೆ ಅನ್ನೋದೇ ತಲೆಯಲ್ಲಿ ಕೊರೀತಿತ್ತಂತೆ. ಉದ್ರಿ ಪುಸ್ತಕದ ಮಾತು ಹೇಳೋ ಸಂದರ್ಭವೇ ಬರಲಿಲ್ಲ. ಸುಮ್ನೆ ಕೇಳಿಸಿಕೊಂಡೆ. ಕೊನೆಗೆ ಅವರೇ, "ಎದ್ದು ಬಂದ ಅಂತೀರಲ್ಲ, ಮೊದಲು ನೋಡಿದ್ದು ಯಾರು?" ಅಂದರು. "ಹೆಂಗಸರು. ಸಮಾಧಿಗೆ ಸುಗಂಧ ಹಚ್ಚೋಕೆ ಬೆಳಗ್ಗೆ ಬೆಳಗ್ಗೆ ಹೋಗಿದ್ದರು" ಅಂದೆ. ಅಕ್ಕ ಊಟ ನಿಲ್ಲಿಸಿ, "ಆ ಕಥೆ ಪೂರ್ತಿ ಹೇಳು" ಅಂದರು. ಅಷ್ಟರಲ್ಲಿ ಗಿರಾಕಿ ಬಂದರು. ಸೋಮವಾರ ಹೇಳ್ತೀನಿ ಅಂದಿದ್ದೀನಿ.