ಫಿಲ್ಟರ್ ನೀರು: 5 ರೂಪಾಯಿನಾ, 10 ರೂಪಾಯಿನಾ, ಪುಕ್ಕಟೆನಾ?

ಕೆರೆಏರಿ:
ನಮ್ಮದು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ. ಊರಿನ ಶುದ್ಧ ನೀರಿನ ಘಟಕ ಕೆಟ್ಟು ಎರಡು ತಿಂಗಳಾಯಿತು. 5 ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಬರುತ್ತಿತ್ತು. ಈಗ ಪಕ್ಕದ ಊರಿನಿಂದ ಬೈಕಿಗೆ ಎರಡು ಕ್ಯಾನ್ ಕಟ್ಟಿಕೊಂಡು ತರುತ್ತೇವೆ. ಬೈಕಿಲ್ಲದವರು ಆಟೋದವನಿಗೆ ಕ್ಯಾನಿಗೆ 25 ಕೊಡುತ್ತಾರೆ. ದರ 10 ಮಾಡಿದರೆ ರಿಪೇರಿಗೆ ದುಡ್ಡಾಗುತ್ತದೆ ಅಂತ ಊರಲ್ಲಿ ಮಾತು ನಡೆದಿದೆ. ನೀವೇನಂತೀರಿ?

ಲೆಕ್ಕದವನು:
10 ಮಾಡಿ. ಬೆಂಗಳೂರಿನಲ್ಲಿ ನಾವು ಕ್ಯಾನಿಗೆ 40 ಕೊಟ್ಟು ಕುಡಿಯುತ್ತಿಲ್ಲವಾ? ಅಗ್ಗಕ್ಕೆ ಕೊಟ್ಟಿದ್ದನ್ನು ಯಾರೂ ನೋಡಿಕೊಳ್ಳುವುದಿಲ್ಲ.

ಎರಡೆಮ್ಮೆ ಒಡತಿ:
ಬೆಂಗಳೂರಿನ ಸಂಬಳ ಇಲ್ಲಿದೆಯಾ ಅಣ್ಣ? 10 ಆದರೆ ನಮ್ಮ ಬೀದಿಯಲ್ಲಿ ಅರ್ಧ ಮನೆಯವರು ಮತ್ತೆ ಬೋರ್ ನೀರಿಗೇ ಹೋಗುತ್ತಾರೆ. ಆ ನೀರಿನಲ್ಲಿ ಬೇಳೆ ಬೇಯಲ್ಲ. ನಮ್ಮತ್ತೆ ಹದಿನೈದು ವರ್ಷ ಅದನ್ನೇ ಕುಡಿದವರು, ಈಗ ಮಂಡಿ ಮಡಚಲಾಗದೆ ಗೋಡೆ ಹಿಡಿದು ಏಳುತ್ತಾರೆ. ಮಗಳ ಹಲ್ಲಿನ ಮೇಲೆ ಕಂದು ಗೆರೆ. ಫೋಟೋ ತೆಗೆಯುವಾಗ ತುಟಿ ಮುಚ್ಚಿಕೊಂಡೇ ನಗುತ್ತಾಳೆ.

ಲೆಕ್ಕದವನು:
ಕುದಿಸಿ ಕುಡಿಯಬಹುದಲ್ವಾ ಅಕ್ಕ?

ಹಳೇ ಮೇಷ್ಟ್ರು:
ಕುದಿಸಿದರೆ ಕ್ರಿಮಿ ಸಾಯುತ್ತವೆ. ಬೋರ್ ನೀರಿನಲ್ಲಿರುವ, ಹಲ್ಲು ಮೂಳೆ ಕೆಡಿಸುವ ಫ್ಲೋರೈಡ್ ಅನ್ನೋ ಲವಣ ಹೋಗುವುದಿಲ್ಲ ಮಾರಾಯ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಜಾಸ್ತಿಯೇ ಆಗುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತಿದೆ. ನಮ್ಮ ಕಡೆ ಬೋರ್ ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. ಅಷ್ಟು ಆಳದಲ್ಲಿ ಬಂಡೆ ಸಂದಿಯಲ್ಲಿ ನಿಂತ ನೀರು, ಬಂಡೆಯದ್ದೆಲ್ಲ ಕರಗಿಸಿಕೊಂಡು ಬರುತ್ತದೆ.

ಲೆಕ್ಕದವನು:
ಇದು ಗೊತ್ತಿರಲಿಲ್ಲ ಸಾರ್. ಮತ್ತೆ ಕೆ.ಸಿ. ವ್ಯಾಲಿ ನೀರು ಬರುತ್ತಿದೆಯಲ್ಲ?

ಹಳೇ ಮೇಷ್ಟ್ರು:
2018ರಿಂದ ಬರುತ್ತಿದೆ. ಆದರೆ ಅದು ನಿಮ್ಮ ಬೆಂಗಳೂರಿನ ಕೊಳಚೆ ನೀರು, ಎರಡು ಹಂತ ಶುದ್ಧ ಮಾಡಿದ್ದು. ಕೆರೆ ತುಂಬಿಸಿ ಅಂತರ್ಜಲ ಏರಿಸಲಿಕ್ಕೆ ತಂದಿದ್ದು, ಬಿಂದಿಗೆ ತುಂಬಿಸಿಕೊಳ್ಳಲಿಕ್ಕಲ್ಲ.

ಜೋಬರ್ಗ್ ಕನ್ನಡಿಗ:
ದಕ್ಷಿಣ ಆಫ್ರಿಕಾದಲ್ಲಿ 2001ರಿಂದ ಬಡವರ ಮನೆಗೆ ತಿಂಗಳಿಗೆ 6,000 ಲೀಟರ್ ಪುಕ್ಕಟೆ ಅನ್ನೋ ನೀತಿ ಇದೆ. ಒಳ್ಳೇದೇ. ಆದರೆ ಇಲ್ಲೂ ಪೈಪು ಹಳೇದಾಗಿ ಎಷ್ಟೋ ಬಡಾವಣೆಗಳಲ್ಲಿ ನಲ್ಲಿ ದಿನಗಟ್ಟಲೆ ಒಣಗಿರುತ್ತದೆ. ಬಾರದ ನೀರು ಪುಕ್ಕಟೆಯಾದರೇನು, ದುಬಾರಿಯಾದರೇನು?

ಸ್ಪ್ಯಾನರ್:
ಇಂಥ ಫಿಲ್ಟರ್ ರಿಪೇರಿ ಮಾಡುವುದೇ ನನ್ನ ಕೆಲಸ. ದರದ ಜಗಳ ಸುಮ್ನೆ. ನೀರು ಗಡಸಾಗಿದ್ದರೆ ಮೆಂಬ್ರೇನ್, ಅಂದರೆ ಒಳಗಿನ ಸೋಸುವ ಪೊರೆ, ಅದರ ಮೇಲೆ ಸುಣ್ಣದ ಹಾಗೆ ಕಟ್ಟಿಕೊಳ್ಳುತ್ತದೆ. ಕಟ್ಟದಿರಲಿ ಅಂತ ಒಂದು ಔಷಧಿ ಹನಿ ಹನಿ ಬೀಳಬೇಕು. ನಾನು ಹೋದ ಕಡೆಯೆಲ್ಲ ಆ ಡ್ರಮ್ಮು ಒಣಗಿರುತ್ತದೆ, ಒಂದು ಕಡೆ ಅದರೊಳಗೆ ಹಲ್ಲಿ ಮೊಟ್ಟೆ ಇಟ್ಟಿತ್ತು. ಮೆಂಬ್ರೇನ್ ಹಾಳಾದ ಮೇಲೆ ಸಾವಿರಗಟ್ಟಲೆ ಖರ್ಚು.

ಈಗ ಲೆಕ್ಕ ಹಾಕಿ. ದಿನಕ್ಕೆ ನೂರು ಕ್ಯಾನ್ ಹೋಗುತ್ತದೆ ಅಂತಿಟ್ಟುಕೊಂಡರೂ 5 ರೂಪಾಯಿಯಂತೆ ತಿಂಗಳಿಗೆ 15,000. ಔಷಧಿಗೆ, ಕಾರ್ಟ್ರಿಡ್ಜಿಗೆ ಅದರಲ್ಲಿ ಸಾಲದಾ? ಕೆರೆಏರಿಯವರೇ, ನಿಮ್ಮೂರಿನ ಕಾಯಿನ್ ಬಾಕ್ಸ್ ಕೀ ಯಾರ ಹತ್ತಿರ ಇದೆ?

ಎರಡೆಮ್ಮೆ ಒಡತಿ:
ಹಾಗೇ ಇನ್ನೊಂದು. ಫಿಲ್ಟರ್ ಓಡುವಾಗ ಒಳ್ಳೇ ನೀರಿಗಿಂತ ಜಾಸ್ತಿ ನೀರು ಹಿಂದಿನ ಪೈಪಿನಲ್ಲಿ ಚರಂಡಿಗೆ ಹೋಗುತ್ತದೆ. ನಾನು ಅದನ್ನೇ ಹಿಡಿದು ಕೊಟ್ಟಿಗೆ ತೊಳೆಯುತ್ತೇನೆ. ಎಮ್ಮೆಗೆ ಮಾತ್ರ ಕುಡಿಸಬೇಡಿ.

ಹಳೇ ಮೇಷ್ಟ್ರು:
ಮಳೆ ನೀರಿನಲ್ಲಿ ಫ್ಲೋರೈಡ್ ಇರುವುದಿಲ್ಲ ಅಂತ ನಾನು ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ. ಶಾಲೆ ಮಾಡಿಗೆ ಪೈಪು ಹಾಕಿಸಿ, ಸಂಪು ಮಾಡಿಸಿದ್ದೆ. ನಾನು ರಿಟೈರ್ ಆದ ಮೇಲೆ ಅದರಲ್ಲಿ ಸಿಮೆಂಟ್ ಮೂಟೆ ಇಟ್ಟಿದ್ದಾರೆ. ಇರಲಿ ಬಿಡಿ.

ಕೆರೆಏರಿ:
ಈಗ ನೀರುಗಂಟಿಯನ್ನು ಕೇಳಿಕೊಂಡು ಬಂದೆ. ಕೀ ಘಟಕ ನೋಡಿಕೊಳ್ಳುವ ಏಜೆನ್ಸಿ ಹುಡುಗನ ಹತ್ತಿರ ಇದೆಯಂತೆ. ಫಿಲ್ಟರ್ ಕೆಟ್ಟ ಮೇಲೂ ಒಂದು ಸಲ ಬಂದಿದ್ದನಂತೆ, ಕಾಯಿನ್ ಎತ್ತಿಕೊಂಡು ಹೋಗಲಿಕ್ಕೆ.