ಪ್ರಶ್ನೋತ್ತರ: ಅಂತಾರಾಷ್ಟ್ರೀಯ ಸಂಬಂಧ ಓದಿದವರು ಪಾಲಿಸಿ (ಸರ್ಕಾರಿ ನೀತಿ), ಕನ್ಸಲ್ಟಿಂಗ್ (ಸಲಹಾ) ಕೆಲಸಕ್ಕೆ ಅರ್ಜಿ ಹಾಕುವುದು ಹೇಗೆ?

ಪ್ರಶ್ನೆ (ವಿದ್ಯಾರ್ಥಿನಿ, ತಿಕೋಟಾ, ವಿಜಯಪುರ ಜಿಲ್ಲೆ):

ಅಕ್ಕಾರ, ನಮಸ್ಕಾರ. ದೆಹಲಿಯಲ್ಲಿ ಅಂತಾರಾಷ್ಟ್ರೀಯ ಸಂಬಂಧಗಳಲ್ಲಿ ಎಂ.ಎ. ಕೊನೆಯ ಸೆಮಿಸ್ಟರ್ ಓದುತ್ತಿದ್ದೇನೆ. ಈಗ ರಜೆಗೆ ಊರಿಗೆ ಬಂದಿದ್ದೇನೆ. ಥಿಂಕ್ ಟ್ಯಾಂಕ್ (ನೀತಿ ಸಂಶೋಧನಾ ಸಂಸ್ಥೆ), ಕನ್ಸಲ್ಟಿಂಗ್ ಕಂಪನಿ ಎಲ್ಲಾ ಸೇರಿ 43 ಕಡೆ ಅರ್ಜಿ ಹಾಕಿದೆ. ಉತ್ತರ ಬಂದದ್ದು ಎರಡೇ ಕಡೆಯಿಂದ, ಎರಡೂ ‘ಇಲ್ಲ’ ಅಂತ. ನನ್ನ ಪ್ರಬಂಧ 2021ರ ನಂತರ ಭಾರತದ ಅಫ್ಘಾನ್ ನೀತಿಯ ಮೇಲೆ, 84 ಪುಟ. ಅಂಕಗಳೂ ಚೆನ್ನಾಗಿವೆ. ಅಪ್ಪ ನಾಲ್ಕು ಎಕರೆ ದ್ರಾಕ್ಷಿ ಬೆಳೆದು ಒಣದ್ರಾಕ್ಷಿ ಮಾಡುತ್ತಾರೆ. ಮನೆಗೆ ಬಂದವರೆಲ್ಲ “ಮುಂದ ಏನ್ ಮಾಡ್ತೀಯವ್ವಾ” ಅಂತ ಕೇಳುತ್ತಾರೆ, ಹೇಳೋದಕ್ಕೆ ಏನೂ ಇಲ್ಲ. ಅರ್ಜಿಯ ಜೊತೆ ಇಡುವ ನನ್ನ ಪತ್ರ, ಅಂದರೆ ಕವರ್ ಲೆಟರ್, ಶುರುವಾಗುವುದು ಹೀಗೆ: “ಚಿಕ್ಕಂದಿನಿಂದಲೂ ನನಗೆ ವಿಶ್ವ ರಾಜಕೀಯದಲ್ಲಿ ಅಪಾರ ಆಸಕ್ತಿ.” ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ (ಪಾಲಿಸಿ ಸಲಹೆಗಾರ್ತಿ, ಈ ಕೆಲಸದಲ್ಲಿ 12 ವರ್ಷ, ಊರು ವಿಜಯಪುರ):

ತಂಗಿ, ನಿನ್ನ ಪ್ರಶ್ನೆ ಎರಡು ಸಲ ಓದಿದೆ. ಅಫ್ಘಾನಿಸ್ತಾನದ ಮೇಲೆ 84 ಪುಟ ಬರೆದಿದ್ದೀಯ. ಮನೆಯಲ್ಲಿ ಅಪ್ಪ ಒಣದ್ರಾಕ್ಷಿ ಮಾಡುತ್ತಾರೆ. ನಮ್ಮ ದೇಶ ಹೊರಗಿನಿಂದ ತರಿಸುವ ಒಣದ್ರಾಕ್ಷಿಯಲ್ಲಿ ದೊಡ್ಡ ಪಾಲು ಬರುವುದೇ ಅಫ್ಘಾನಿಸ್ತಾನದಿಂದ. ಈ ಎರಡು ವಿಷಯ ನಿನ್ನ ಅರ್ಜಿಯಲ್ಲಿ ಎಲ್ಲೂ ಒಂದಕ್ಕೊಂದು ಸೇರಿಲ್ಲ, ಅಲ್ವಾ?

ಅರ್ಜಿ ನೋಡುವವರ ಮೇಜಿನ ಈಚೆ ನಾನೂ ಕೂತಿದ್ದೇನೆ. ‘ಅಪಾರ ಆಸಕ್ತಿ’ ಅಂತ ಶುರುವಾಗುವ ಪತ್ರಗಳು ರಾಶಿ ಬರುತ್ತವೆ. ಓದುವವರಿಗೆ ಬೇಕಿರುವುದು ಒಂದೇ: ಈ ಹುಡುಗಿ ನಾಳೆ ಬಂದರೆ ಯಾವ ಕೆಲಸ ಮಾಡಿ ಕೊಡುತ್ತಾಳೆ? ಅದಕ್ಕೆ 84 ಪುಟ ಯಾರೂ ತೆರೆಯುವುದಿಲ್ಲ. ಎರಡು ಪುಟದ ಟಿಪ್ಪಣಿ ಇದ್ದರೆ ತೆರೆಯುತ್ತಾರೆ.

ಆ ಎರಡು ಪುಟವನ್ನು ಈ ರಜೆಯಲ್ಲೇ ಬರೆ. ಒಣದ್ರಾಕ್ಷಿಯ ಕಸ್ಟಮ್ಸ್ ಕೋಡ್ 080620. ವಾಣಿಜ್ಯ ಸಚಿವಾಲಯದ ವ್ಯಾಪಾರ ಅಂಕಿಅಂಶಗಳಲ್ಲಿ ಈ ಕೋಡ್ ಹಾಕಿದರೆ ಯಾವ ದೇಶದಿಂದ, ಯಾವ ವರ್ಷ, ಎಷ್ಟು ಬಂತು ಅಂತ ಸಿಗುತ್ತದೆ. ಭಾರತ, ಅಫ್ಘಾನಿಸ್ತಾನದ ನಡುವೆ 2003ರಲ್ಲಿ ಸುಂಕ ರಿಯಾಯಿತಿ ಒಪ್ಪಂದ ಆಗಿದೆ. ಅದನ್ನು ಓದು. 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಕಾಬೂಲ್ ಹಿಡಿದಾಗ ಪಾಕಿಸ್ತಾನದ ಮೂಲಕ ಬರುವ ಸರಕು ಕೆಲವು ದಿನ ನಿಂತಿತ್ತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯಾದ ಮೇಲೆ, ಆ ಸರಕು ಒಳಗೆ ಬರುವ ಪಂಜಾಬಿನ ಅಟ್ಟಾರಿ ಗಡಿ ಮುಚ್ಚಿದರು. ಈ ಎರಡು ಸಮಯದಲ್ಲಿ ವಿಜಯಪುರ ಎಪಿಎಂಸಿಯಲ್ಲಿ, ಮಹಾರಾಷ್ಟ್ರದ ತಾಸಗಾಂವ್ ಪೇಟೆಯಲ್ಲಿ ದರ ಏನಿತ್ತು, ಏರಿತಾ? ಅಪ್ಪನ ಹತ್ತಿರ ಅಡತ್ ಅಂಗಡಿಯವರು (ದಲಾಲರು) ಕೊಟ್ಟ ಮಾರಾಟದ ಪಟ್ಟಿಗಳು ಇದ್ದೇ ಇರುತ್ತವೆ, ಕೇಳಿ ತೆಗೆಸು. ದೆಹಲಿಯಲ್ಲಿ ಕೂತವರಿಗೆ ಆ ಪಟ್ಟಿ ಸಿಗುವುದಿಲ್ಲ.

ಬರೆಯುವಾಗ ಸರ್ಕಾರ ಏನು ಮಾಡಬೇಕು ಅನ್ನುವುದನ್ನು ಮೊದಲ ಪ್ಯಾರಾದಲ್ಲೇ ಹೇಳು. ಕಾರಣ ಆಮೇಲೆ. ಒಂದೇ ಒಂದು ಕೋಷ್ಟಕ ಸಾಕು. ನಿನ್ನ ಮಾತನ್ನು ಒಪ್ಪದವರು ಏನು ಹೇಳಬಹುದು ಅನ್ನುವುದಕ್ಕೂ ಜಾಗ ಇಡು. ಮಳೆ, ಮಾಲಿನ ಬಣ್ಣ, ಹಿಂದಿನ ವರ್ಷದ ದಾಸ್ತಾನು, ಇವುಗಳಿಂದಲೂ ದರ ಏರಿಳಿಯುತ್ತದೆ. ಅದನ್ನು ಮುಚ್ಚಿಡಬೇಡ.

ಇದನ್ನು ನಾನು ಕಷ್ಟಪಟ್ಟು ಕಲಿತೆ. ನನ್ನ ಮೊದಲ ಸಂದರ್ಶನದಲ್ಲಿ ಗಡಿ ವ್ಯಾಪಾರದ ಬಗ್ಗೆ ಕೇಳಿದರು. ನಾನು ಇತಿಹಾಸದಿಂದ ಶುರು ಮಾಡಿ ಹದಿನೈದು ನಿಮಿಷ ಮಾತಾಡಿದೆ. ಎದುರಿಗಿದ್ದ ಮೇಡಂ ಸಮಾಧಾನದಿಂದ ಕೇಳಿ, “ಸರಿ, ನಾಳೆ ಬೆಳಿಗ್ಗೆ ಕಾರ್ಯದರ್ಶಿಗಳು ಯಾವ ಕಡತಕ್ಕೆ ಸಹಿ ಹಾಕಬೇಕು?” ಅಂದರು. ನನ್ನ ಬಾಯಿಂದ ಮಾತು ಬರಲಿಲ್ಲ. ಆ ಕೆಲಸ ಸಿಗಲಿಲ್ಲ. ಆ ಪ್ರಶ್ನೆಯನ್ನು ಮಾತ್ರ ಇವತ್ತಿಗೂ ಪ್ರತಿ ಟಿಪ್ಪಣಿಯ ಮೇಲೆ ಪೆನ್ಸಿಲ್‌ನಲ್ಲಿ ಬರೆದುಕೊಂಡೇ ಶುರು ಮಾಡುತ್ತೇನೆ.

ಇನ್ನು ಎಲ್ಲಿ ಹಾಕಬೇಕು ಅನ್ನುವುದು. 43 ಕಡೆಗೂ ಒಂದೇ ಪತ್ರ ಹೋಗಿದೆ ಅಂತ ನನ್ನ ಅಂದಾಜು. ಹತ್ತೇ ಕಡೆ ಹಾಕು, ಪ್ರತಿಯೊಂದಕ್ಕೂ ಬೇರೆ ಪತ್ರ ಬರೆ. ನಿನ್ನ ವಿಷಯಕ್ಕೆ ಹತ್ತಿರವಾದದ್ದು ದೆಹಲಿಯ ಆರ್‌ಐಎಸ್ ಅನ್ನುವ ಸಂಶೋಧನಾ ಸಂಸ್ಥೆ, ಅವರ ಕೆಲಸವೇ ಅಭಿವೃದ್ಧಿಶೀಲ ದೇಶಗಳ ವ್ಯಾಪಾರ. ಓಆರ್‌ಎಫ್, ಮುಂಬೈನ ಗೇಟ್‌ವೇ ಹೌಸ್, ಬೆಂಗಳೂರಿನ ತಕ್ಷಶಿಲಾ, ಈ ಥಿಂಕ್ ಟ್ಯಾಂಕ್‌ಗಳನ್ನೂ ನೋಡು. ವಯಸ್ಸು 25 ದಾಟಿಲ್ಲ ಅಂದ್ರೆ, ಸಂಸತ್ತಿನ ಕೆಲಸದ ಬಗ್ಗೆ ಸಂಶೋಧನೆ ಮಾಡುವ ಪಿಆರ್‌ಎಸ್ ಸಂಸ್ಥೆಯ ಲ್ಯಾಂಪ್ ಫೆಲೋಶಿಪ್ ಬಿಡಲೇಬೇಡ. ಮಳೆಗಾಲದ ಅಧಿವೇಶನದಿಂದ ಬಜೆಟ್ ಅಧಿವೇಶನದವರೆಗೆ ಒಬ್ಬ ಸಂಸದರ ಜೊತೆ ಕೆಲಸ. ಚಿಕ್ಕದಾಗಿ, ಬೇಗ ಬರೆಯುವುದನ್ನು ಅಲ್ಲಿ ಕಲಿಯುವಷ್ಟು ಬೇರೆಲ್ಲೂ ಕಲಿಯಲಾರೆ. ಡೆಲಾಯ್ಟ್, ಕೆಪಿಎಂಜಿ, ಪಿಡಬ್ಲ್ಯೂಸಿ, ಇವೈ, ಈ ಕನ್ಸಲ್ಟಿಂಗ್ ಕಂಪನಿಗಳಲ್ಲಿ ಸರ್ಕಾರದ ಕೆಲಸ ಮಾಡುವ ತಂಡಗಳಿವೆ. ಅಲ್ಲಿಗೆ ಹಾಕುವಾಗ ‘ವಿದೇಶಾಂಗ ನೀತಿ’ ಅನ್ನುವುದಕ್ಕಿಂತ ‘ರಫ್ತು, ಕೃಷಿ ಮಾರುಕಟ್ಟೆ, ಜಿಲ್ಲಾ ಮಟ್ಟದ ಮಾಹಿತಿ ಸಂಗ್ರಹ’ ಅಂತ ಬರೆ. ನಿಜವಾಗಿ ಮಾಡಿದ್ದರೆ ಮಾತ್ರ. ವಿಶ್ವಸಂಸ್ಥೆಯ ಸಚಿವಾಲಯದ ಇಂಟರ್ನ್‌ಶಿಪ್‌ಗೆ ಸಂಬಳ ಇಲ್ಲ. ಮನೆಯ ಪರಿಸ್ಥಿತಿ ನೋಡಿಕೊಂಡು ತೀರ್ಮಾನ ಮಾಡು.

ಪ್ರಶ್ನೆ (ಬಾಗಲಕೋಟೆಯಿಂದ):

ಮೇಡಂ, ನಾನೂ ಇದೇ ವಿಷಯದ ವಿದ್ಯಾರ್ಥಿ. ಗಣಿತ ಎಸ್ಸೆಸ್ಸೆಲ್ಸಿಗೇ ಬಿಟ್ಟೆ. ಕನ್ಸಲ್ಟಿಂಗ್ ಸಂದರ್ಶನದಲ್ಲಿ ಲೆಕ್ಕ ಕೇಳುತ್ತಾರಂತೆ, ಭಯ ಆಗುತ್ತೆ.

ಉತ್ತರ:

ತಮ್ಮಾ, ಅಲ್ಲಿ ಬೇಕಾಗುವುದು ಗುಣಾಕಾರ, ಭಾಗಾಕಾರ ಅಷ್ಟೇ. ನಿಮ್ಮ ಜಿಲ್ಲೆಯದೇ ಉದಾಹರಣೆ ತಗೋ. ಇಳಕಲ್‌ನಲ್ಲಿ ವರ್ಷಕ್ಕೆ ಎಷ್ಟು ಕೈಮಗ್ಗದ ಸೀರೆ ಆಗುತ್ತವೆ? ಮಗ್ಗ 500 ಅಂತ ಇಟ್ಟುಕೊಳ್ಳೋಣ. ಸೀರೆಗೆ 4 ದಿನ, ವರ್ಷಕ್ಕೆ 280 ದಿನ ಕೆಲಸ. ಮಗ್ಗಕ್ಕೆ 70 ಸೀರೆ, ಒಟ್ಟು 35,000. ಇವೆಲ್ಲ ಊಹೆಯ ಅಂಕಿ. ಅವರು ನೋಡುವುದು ಈ ಮೊತ್ತವನ್ನಲ್ಲ, ಆಮೇಲೆ ನೀನು ಕೇಳಿಕೊಳ್ಳುವ ಪ್ರಶ್ನೆಯನ್ನು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ನೂಲು), ಸೆರಗಿನ ಹಾಸು ಎರಡನ್ನೂ ಕೊಂಡಿ ಹಾಕಿ ಸೇರಿಸುತ್ತಾರೆ, ಹಾಗಾಗಿ ಒಂದೊಂದು ಸೀರೆಗೂ ಹಾಸು ಬೇರೆಯಾಗಿ ಸಿದ್ಧವಾಗಬೇಕು. ಆ ಸಮಯ ನಾಲ್ಕು ದಿನದಲ್ಲಿ ಸೇರಿದೆಯೋ ಇಲ್ಲವೋ? ಹೀಗೆ ನೀನೇ ಕೇಳಿದರೆ ಎದುರಿಗಿದ್ದವರು ಪೆನ್ ಎತ್ತಿಕೊಳ್ಳುತ್ತಾರೆ. ಒಬ್ಬನೇ ಕೂತು ಓದಬೇಡ. ಗೆಳೆಯನ ಎದುರು ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡು.

ಪ್ರಶ್ನೆ (ಬೆಳಗಾವಿಯಿಂದ, ಒಬ್ಬ ತಂದೆ):

ಮೇಡಂ ಅವರೇ, ಮಗನೂ ಇದನ್ನೇ ಓದುತ್ತಿದ್ದಾನೆ. ಇದಕ್ಕಿಂತ ಯುಪಿಎಸ್‌ಸಿ ಬರೆಯುವುದು ಒಳ್ಳೆಯದಲ್ವಾ?

ಉತ್ತರ:

ಸರ್, ನಿಮ್ಮ ಚಿಂತೆ ಸರಿಯಾದದ್ದೇ. ಪಾಲಿಸಿ ಕೆಲಸಗಳಲ್ಲಿ ಜಾಸ್ತಿ ಪಾಲು ಒಂದೆರಡು ವರ್ಷದ ಗುತ್ತಿಗೆಯವು. ಅದನ್ನು ತಿಳಿದೇ ಬರಬೇಕು. ಪರೀಕ್ಷೆ ಬರೆಯುವುದಾದರೆ ಮನಸ್ಸಿಟ್ಟು ಬರೆಯಲಿ, ಆದರೆ ಎಷ್ಟು ಪ್ರಯತ್ನ ಅಂತ ಇಬ್ಬರೂ ಕೂತು ಮೊದಲೇ ಮಾತಾಡಿಕೊಳ್ಳಿ. ಇನ್ನೊಂದು ಮಾತು. ಬೆಳಗಾವಿಯ ಹುಡುಗರಿಗೆ ಕನ್ನಡ, ಮರಾಠಿ, ಹಿಂದಿ ಮೂರೂ ಬರುತ್ತವೆ, ಆದರೆ ಅರ್ಜಿಯಲ್ಲಿ ಅದನ್ನು ಕೊನೆಯ ಸಾಲಿಗೆ ತಳ್ಳುತ್ತಾರೆ. ಎರಡು ರಾಜ್ಯಗಳಲ್ಲಿ ರೈತರ ಜೊತೆ ಕೂತು ಮಾತಾಡಬಲ್ಲವರು ತಂಡಕ್ಕೆ ಬೇಕೇ ಬೇಕು. ಅದನ್ನು ಮೇಲೆ ಬರೆಯಲು ಹೇಳಿ.

ಮತ್ತೆ ತಿಕೋಟಾದಿಂದ:

ಅಕ್ಕಾರ, ಪಟ್ಟಿಗಳು ಸಿಕ್ಕವು, 2019ರಿಂದ ಇವೆ. ಆದರೆ 2021ರ ಆಗಸ್ಟ್‌ದು ಒಂದೂ ಇಲ್ಲ. ಕೇಳಿದರೆ ಅಪ್ಪ, “ಜೂನ್‌ಕ್ಕ ಎಲ್ಲಾ ಮಾರಿದ್ವಿ, ಕೋಲ್ಡ್ ಸ್ಟೋರೇಜ್ ಬಾಡಿಗಿ ಯಾರ್ ಕಟ್ಟಬೇಕು, ಸೊಸೈಟಿ ಸಾಲ ಬ್ಯಾರೆ ಇತ್ತು” ಅಂದರು. ನನ್ನ ವಾದ ಬಿದ್ದು ಹೋಯ್ತಾ?

ಉತ್ತರ:

ಬಿದ್ದಿಲ್ಲ ತಂಗಿ, ಈಗ ಸಿಕ್ಕಿದೆ! ಕಾಬೂಲ್‌ನಲ್ಲಿ ಏನಾದರೂ ಆಗಿ ಇಲ್ಲಿ ದರ ಏರಿದರೂ ಆ ಹೊತ್ತಿಗೆ ಮಾಲು ಅಪ್ಪನ ಕೈಯಲ್ಲಿ ಇರಲಿಲ್ಲ. ಹಾಗಾದರೆ ಯಾರ ಕೈಯಲ್ಲಿತ್ತು? ವಿಜಯಪುರದ ಎರಡು ಮೂರು ಕೋಲ್ಡ್ ಸ್ಟೋರೇಜ್‌ಗೆ ಹೋಗಿ, ಆಗಸ್ಟ್‌ನಲ್ಲಿ ಅಲ್ಲಿರುವ ಮಾಲಿನಲ್ಲಿ ರೈತರದು ಎಷ್ಟು, ವ್ಯಾಪಾರಿಗಳದು ಎಷ್ಟು ಅಂತ ಕೇಳು. ಗೋದಾಮಿನ ರಸೀದಿ ಅಡ ಇಟ್ಟು ಸಾಲ ಪಡೆಯಲು ದಾರಿ ಮಾಡಿದ ಕೇಂದ್ರದ ಕಾಯ್ದೆ 2007ರಲ್ಲೇ ಬಂದಿದೆ. ಅಂಥ ಸಾಲ ಸಿಕ್ಕರೆ ಜೂನ್‌ನಲ್ಲೇ ಮಾರದೆ ಕಾಯಬಹುದು. ಒಣದ್ರಾಕ್ಷಿ ಬೆಳೆಗಾರರಿಗೆ ಅದು ನಮ್ಮ ಜಿಲ್ಲೆಯಲ್ಲಿ ಸಿಗುತ್ತಿದೆಯಾ ಅಂತ ಬ್ಯಾಂಕಿನಲ್ಲಿ ವಿಚಾರಿಸು. ಕವರ್ ಲೆಟರ್‌ನ ಮೊದಲ ಸಾಲು ಹೀಗೆ ಬದಲಾಯಿಸು: “ಕಾಬೂಲ್ ಬಿದ್ದ ತಿಂಗಳು ನನ್ನ ತಂದೆಯ ಹತ್ತಿರ ಮಾರಲು ಒಂದು ಕಿಲೋ ಒಣದ್ರಾಕ್ಷಿಯೂ ಉಳಿದಿರಲಿಲ್ಲ; ಏಕೆ ಎಂದು ಈ ಎರಡು ಪುಟಗಳಲ್ಲಿ ಬರೆದಿದ್ದೇನೆ.” ಮುಂದಿನ ಭಾನುವಾರದೊಳಗೆ ಕರಡು ಕಳಿಸು, ತಿದ್ದಿ ಕೊಡುತ್ತೇನೆ. ಪಟ್ಟಿಗಳ ಫೋಟೋ ತೆಗೆದಿಟ್ಟುಕೋ, ಹಳೇ ಕಾಗದ, ಅಕ್ಷರ ಮಾಸುತ್ತೆ.