ಸಹಾಯ ಬೇಕು: ಪ್ರಿಂಟಿಂಗ್ ಸ್ಕ್ರೀನ್ ತೊಳೆಯೋಕೆ ಮಷಿನ್ ಮಾಡಿಕೊಂಡವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದೊಂದು ಚಿಕ್ಕ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಟೀ ಶರ್ಟು, ಬಟ್ಟೆ ಚೀಲ, ಸೀಸನ್ನಿನಲ್ಲಿ ಮದುವೆ ಕಾರ್ಡು. ದಿನಕ್ಕೆ 20-25 ಸ್ಕ್ರೀನ್ ಎಕ್ಸ್‌ಪೋಸ್ ಆಗುತ್ತವೆ, ಅಂದರೆ ಜಾಲರಿಗೆ ಎಮಲ್ಷನ್ ಅನ್ನೋ ಲೇಪ ಹಚ್ಚಿ ಬೆಳಕಿಗೆ ಹಿಡಿಯೋದು. ಬೆಳಕು ಬಿದ್ದಲ್ಲಿ ಲೇಪ ಗಟ್ಟಿಯಾಗುತ್ತದೆ, ಡಿಸೈನ್ ಇರುವ ಕಡೆಯದನ್ನು ನೀರಲ್ಲಿ ತೊಳೆದು ತೆಗೆಯಬೇಕು. ಅಷ್ಟನ್ನೂ ಒಬ್ಬ ಹುಡುಗನೇ ನಿಂತು ತೊಳೆಯುತ್ತಾನೆ. ಸಂಜೆ ಹೊತ್ತಿಗೆ ಅವನ ಬೆರಳೆಲ್ಲ ನೆನೆದು ಬಿಳಿಚಿಕೊಂಡಿರುತ್ತವೆ, ನೋಡೋಕೆ ಸಂಕಟ ಆಗುತ್ತದೆ.

ನನ್ನ ಯೋಚನೆ ಇಷ್ಟು: ಸ್ಕ್ರೀನನ್ನು ತೊಟ್ಟಿಯಲ್ಲಿ ಎರಡು ನಿಮಿಷ ನೆನೆಸಿ, ಆಮೇಲೆ ನಾಝಲ್ ಇರುವ ಪೈಪನ್ನು ವೈಪರ್ ಮೋಟಾರಿನಿಂದ ಮೇಲೆ ಕೆಳಗೆ ಓಡಿಸುವುದು, ನೀರಿಗೆ ಟೈಮರ್ ಮತ್ತು ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್). ಆದರೆ ತಲೆನೋವು ಒತ್ತಡದ್ದು. 40ಟಿ ಮೆಶ್‌ನಲ್ಲಿ (ಸೆಂಟಿಮೀಟರಿಗೆ 40 ಎಳೆಯ ಒರಟು ಜಾಲರಿ) ದಪ್ಪ ಅಕ್ಷರ ಇದ್ದರೆ ಜೋರು ನೀರನ್ನು ತಡೆದುಕೊಳ್ಳುತ್ತದೆ, ಅದೇ ನೀರು 120ಟಿ ನುಣುಪು ಜಾಲರಿ ಮೇಲಿನ ಸಣ್ಣ ಹಾಫ್‌ಟೋನ್ ಚುಕ್ಕಿಗೆ (ಬಣ್ಣದ ಛಾಯೆ ತೋರಿಸುವ ಚುಕ್ಕಿ) ಬಿದ್ದರೆ ಎಮಲ್ಷನ್ ಕಿತ್ತೇ ಹೋಗುತ್ತದೆ. ಕಮ್ಮಿ ಮಾಡಿದರೆ ತೆಳು ಪೊರೆ ಉಳಿದುಬಿಡುತ್ತದೆ, ಬೆಳಕಿಗೆ ಹಿಡಿದರೂ ಸರಿಯಾಗಿ ಕಾಣಲ್ಲ. ಮೊನ್ನೆ ಒಂದು ಕಾರ್ಡಿನಲ್ಲಿ ಗಣಪತಿಯ ಸೊಂಡಿಲಿನ ಗೆರೆ ಅರ್ಧಕ್ಕೇ ನಿಂತಿತ್ತು, ಪೂರ್ತಿ ಸ್ಕ್ರೀನ್ ಮತ್ತೆ ಮಾಡಬೇಕಾಯಿತು.

ಮೆಶ್ ನೋಡಿ ಒತ್ತಡ ಬದಲಿಸೋಕೆ ಬೈಪಾಸ್ ವಾಲ್ವ್ (ಹೆಚ್ಚಾದ ನೀರನ್ನು ಬೇರೆ ದಾರಿಗೆ ಬಿಡುವಂಥದ್ದು) ಸಾಕಾ, ಅಥವಾ ಎರಡು ಪಂಪ್ ಬೇಕಾ? ನಾಝಲ್ ಬೀಸಣಿಗೆ ಥರ ಚಿಮ್ಮುವುದು ಒಳ್ಳೆಯದಾ? ನಮ್ಮದು ಬೋರ್ ನೀರು, ತುಂಬಾ ಗಡಸು, ನಾಝಲ್ ತೂತು ಕಟ್ಟಿಕೊಳ್ಳುತ್ತದೆ ಅನ್ನೋ ಭಯವೂ ಇದೆ. ಹುಡುಗನನ್ನು ಕೆಲಸದಿಂದ ತೆಗೆಯೋಕಲ್ಲ, ಅವನಿಗೆ ಪ್ರಿಂಟಿಂಗ್ ಟೇಬಲ್ ಕೆಲಸ ಕಲಿಸಬೇಕು ಅಂತಿದ್ದೇನೆ. ಮಾಡಿದವರು ಫೋಟೊ ಹಾಕಿ, ಖರ್ಚು ಎಷ್ಟಾಯಿತು ಅಂತಲೂ ಹೇಳಿ.